ಮೊಳಕಾಲ್ಮೂರಿನ ಓಟು, ನಿಜಲಿಂಗಪ್ಪನವರ ಕುರ್ಚಿ

ನಮ್ಮ ಕಡೆ ಟೀ ಅಂಗಡಿಯಲ್ಲಿ ರಾಜಕೀಯ ಮಾತು ಶುರುವಾದರೆ ಯಾರಾದರೂ ಹಿರಿಯರು ಇದೊಂದನ್ನು ತೆಗೆಯದೆ ಬಿಡುವುದಿಲ್ಲ: “ಮೊಳಕಾಲ್ಮೂರು ಅಂದ್ರೆ ಏನಂದ್ಕಂಡೀರಿ? ಮುಖ್ಯಮಂತ್ರೀನೇ ಗೆಲ್ಸಿ ಕಳ್ಸಿದ ತಾಲ್ಲೂಕು ಕಣ್ರಪ್ಪ ಇದು.” ಮಾತು ಸುಳ್ಳಲ್ಲ. 1957ರ ಚುನಾವಣೆಯಲ್ಲಿ ಎಸ್. ನಿಜಲಿಂಗಪ್ಪನವರು ಮೊಳಕಾಲ್ಮೂರು ಕ್ಷೇತ್ರದಿಂದ ಗೆದ್ದು ವಿಧಾನಸಭೆಗೆ ಹೋದರು. ಓಟು ಕೇಳುವ ಹೊತ್ತಿಗೇ ಅವರು ವಿಶಾಲ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾಗಿದ್ದರು.

ಹಿರಿಯರ ಹೆಮ್ಮೆಯನ್ನು ಕಸಿಯುವುದು ನಮ್ಮ ಇರಾದೆಯಲ್ಲ. ಆದರೆ ಕೇರಿಯಿಂದ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿ ಡಿಗ್ರಿ ಕಾಗದ ಹಿಡಿದು ಬಂದ ನಮ್ಮಂಥವರಿಗೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಏಳುತ್ತದೆ. ಕಳಿಸಿದ್ದು ಸರಿ. ಆ ಕಡೆಯಿಂದ ಬಂದದ್ದೇನು? ಶಾಲೆಯ ಪಾಠದಲ್ಲಿ ನಿಜಲಿಂಗಪ್ಪನವರು ‘ಏಕೀಕರಣದ ರೂವಾರಿ’ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತಾರೆ. ಪರೀಕ್ಷೆಗೆ ಒಂದು ಅಂಕ. ಓಟು ಹಾಕಿದ ಜನರ ಕಡೆಯಿಂದ ಅವರ ಬದುಕನ್ನು ಓದುವ ಕೆಲಸ ಉಳಿದೇ ಇದೆ. ಆ ಕೆಲಸವನ್ನು ನಾವೇ ಮಾಡಬೇಕು, ಬೇರೆಯವರು ಮಾಡಿಕೊಡುವುದಿಲ್ಲ.

ಕಲ್ಲಿನ ಆಜ್ಞೆ, ಪೆಟ್ಟಿಗೆಯ ಚೀಟಿ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬುಡದಲ್ಲಿ ಅಶೋಕನ ಶಾಸನವಿದೆ. ಸಿದ್ದಾಪುರದಲ್ಲಿ ಒಂದು, ಜಟಿಂಗ ರಾಮೇಶ್ವರದ ಗುಡ್ಡದಲ್ಲಿ ಇನ್ನೊಂದು. ಬಿ.ಎಲ್. ರೈಸ್ 1892ರಲ್ಲಿ ಇವನ್ನು ಕಂಡು ಲೋಕಕ್ಕೆ ತಿಳಿಸಿದ. ಸುವರ್ಣಗಿರಿಯಲ್ಲಿ ಕೂತ ರಾಜಕುಮಾರ ಇಸಿಲದ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಅದು. ಒಳ್ಳೆಯ ಫಲ ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸಿಗುತ್ತದೆ ಎಂಬ ಅರ್ಥದ ಮಾತು ಅದರಲ್ಲಿದೆ. ಬರೆದ ಲಿಪಿಕಾರ ಚಪಡ ಕೊನೆಯಲ್ಲಿ ತನ್ನ ಕಸುಬಿನ ಗುರುತನ್ನು ದೂರದ ಖರೋಷ್ಠಿ ಲಿಪಿಯಲ್ಲಿ ಹಾಕಿದ್ದಾನೆ. ರಾಜನ ಬಿರುದಿದೆ, ಬರೆದವನ ಹೆಸರಿದೆ. ಯಾರಿಗಾಗಿ ಬರೆದರೋ ಆ ಸಣ್ಣವರ ಹೆಸರು ಮಾತ್ರ ಆ ಬಂಡೆಯ ಮೇಲೆ ಎಲ್ಲೂ ಇಲ್ಲ.

ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಮೇಲಿನಿಂದ ಕೆಳಕ್ಕೆ ಬಂದದ್ದು ಆಜ್ಞೆಗಳೇ. ಚಕ್ರವರ್ತಿ, ಪಾಳೆಯಗಾರ, ಸುಲ್ತಾನ, ಮಹಾರಾಜ, ಅಮಲ್ದಾರ, ಪಟೇಲ. ಕೆಳಗಿನಿಂದ ಮೇಲಕ್ಕೆ ಒಂದು ಮಾತು ಹೋಗಲು ಸಂವಿಧಾನವೇ ಬರಬೇಕಾಯಿತು. 1952ರಲ್ಲಿ, ಆಮೇಲೆ 1957ರಲ್ಲಿ ಇಪ್ಪತ್ತೊಂದು ವರ್ಷ ತುಂಬಿದ ಪ್ರತಿಯೊಬ್ಬರ ಕೈಗೂ ಒಂದು ಚೀಟಿ ಬಂತು. ಆಗಿನ ಪದ್ಧತಿಯಲ್ಲಿ ಚೀಟಿಯ ಮೇಲೆ ಮುದ್ರೆ ಒತ್ತುವಂತಿರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವರ ಗುರುತು. ಕಾಂಗ್ರೆಸ್ಸಿನದು ನೊಗ ಹೊತ್ತ ಜೋಡೆತ್ತು.

ನಮ್ಮ ಅಜ್ಜಿ ತನ್ನ ತಾಯಿಯ ಮಾತನ್ನು ಹೇಳುತ್ತಿದ್ದಳು: “ಎತ್ತಿನ ಪೆಟ್ಗೆಗೆ ಹಾಕ್ರಿ ಅಂತ ಗೌಡ್ರು ಹೇಳಿದ್ರಂತೆ. ನಮಗೆ ಎತ್ತೂ ಇಲ್ಲ, ಹೊಲಾನೂ ಇಲ್ಲ. ಆದ್ರೂ ಎತ್ತಿಗೇ ಹಾಕಿದ್ವಿ ಅಂತಿದ್ಲು ನಮ್ಮವ್ವ.” ಈ ಮಾತಿನಲ್ಲಿ ನಗುವೂ ಇದೆ, ಲೆಕ್ಕವೂ ಇದೆ. ಚೀಟಿ ಅವಳದೇ. ಪೆಟ್ಟಿಗೆ ಯಾವುದೆಂದು ಹೇಳಿದವನು ಮಾತ್ರ ಗೌಡ.

ಹಲುವಾಗಲಿನ ಹುಡುಗ

ನಿಜಲಿಂಗಪ್ಪನವರು ಹುಟ್ಟಿದ್ದು 1902ರ ಡಿಸೆಂಬರ್ 10ರಂದು, ಹಲುವಾಗಲಿನಲ್ಲಿ. ಆಗ ಅದು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯ ಊರು. ಅಂದರೆ ಮೈಸೂರಿನ ರಾಜಕೀಯದಲ್ಲಿ ಬೆಳೆದ ಈ ಮನುಷ್ಯ ಹುಟ್ಟಿನಿಂದ ಗಡಿಯಾಚೆಯವರು. ಪುಣೆಯಲ್ಲಿ ಕಾನೂನು ಓದಿ 1926ರಲ್ಲಿ ಪಾಸಾದರು, ಚಿತ್ರದುರ್ಗದಲ್ಲಿ ವಕೀಲಿ ಹಿಡಿದರು. 1939ರ ತುರುವನೂರಿನ ಅರಣ್ಯ ಸತ್ಯಾಗ್ರಹದಲ್ಲಿ ಜೈಲು ಕಂಡರು, ವಕೀಲಿ ಸನ್ನದನ್ನೂ ಕಳೆದುಕೊಂಡರು. ಸಂವಿಧಾನ ಸಭೆಯ ಸದಸ್ಯರಾದರು. ಅಂಬೇಡ್ಕರರು ಕರಡು ಸಮಿತಿಯ ಅಧ್ಯಕ್ಷರಾಗಿ ಕಲಮು ಕಲಮಿಗೆ ಉತ್ತರ ಕೊಟ್ಟ ಸಭೆ ಅದು. 1952ರ ಮೊದಲ ಲೋಕಸಭೆಗೆ ಚಿತ್ರದುರ್ಗದಿಂದ ಹೋದರು. 1956ರ ನವೆಂಬರ್ 1ರಂದು ಐದು ಕಡೆ ಹರಿದು ಹಂಚಿದ್ದ ಕನ್ನಡ ನಾಡು ಒಂದಾದಾಗ ಮುಖ್ಯಮಂತ್ರಿಯಾದರು.

ಏಕೀಕರಣವನ್ನು ನಾವು ಸಣ್ಣದು ಮಾಡಿ ನೋಡುವುದಿಲ್ಲ. ಹಳೆ ಮೈಸೂರಿನ ಅನೇಕ ನಾಯಕರು ತಮ್ಮ ಜಾತಿಯ ಬಲ ಕುಗ್ಗೀತೆಂದು ಹಿಂದೇಟು ಹಾಕುತ್ತಿದ್ದಾಗ ನಿಜಲಿಂಗಪ್ಪನವರು ಏಕೀಕರಣದ ಪರ ಗಟ್ಟಿಯಾಗಿ ನಿಂತರು. ಅದೇ ಹೊತ್ತಿಗೆ ಇನ್ನೊಂದನ್ನೂ ಹೇಳಬೇಕು. ಒಂದಾದ ನಾಡಿನಲ್ಲಿ ಸಂಖ್ಯೆಯ ತಕ್ಕಡಿ ಲಿಂಗಾಯತರ ಕಡೆ ವಾಲಿತು. 1956ರಿಂದ 1972ರವರೆಗೆ ಮುಖ್ಯಮಂತ್ರಿಗಳಾದ ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ, ವೀರೇಂದ್ರ ಪಾಟೀಲ ನಾಲ್ವರೂ ಅದೇ ಸಮುದಾಯದವರು.

ಮೊಳಕಾಲ್ಮೂರಿನ ಕಡೆಯಿಂದ ನೋಡಿದರೆ ಗಡಿಯ ಕಥೆ ಇನ್ನೊಂದು ಥರ ಕಾಣುತ್ತದೆ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ಪಕ್ಕದ ರಾಯದುರ್ಗ ಆಂಧ್ರಕ್ಕೆ ಹೋಯಿತು. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಮಾತಾಡುವ ಜನ ನಮ್ಮ ತಾಲ್ಲೂಕುಗಳ ತುಂಬ ಇದ್ದಾರೆ. ರೇಷ್ಮೆ ಸೀರೆ ನೇಯುವವರ, ಕುರಿ ಕಾಯುವವರ, ಕಡಲೆಕಾಯಿ ಕೀಳುವ ಕೂಲಿಯವರ ನಂಟಸ್ತಿಕೆ ಗೆರೆಯ ಎರಡೂ ಕಡೆ ಇದೆ. ನಾಡು ಒಂದಾಯಿತು ಅಂದಾಗ ಅವರ ಬಾಳಿನಲ್ಲಿ ಎರಡಾದದ್ದೂ ಇತ್ತು.

ಕುರ್ಚಿ ನಡೆಯಿತು, ಓಟು ನಿಂತಲ್ಲೇ ನಿಂತಿತು

ಅವರ ಕ್ಷೇತ್ರಗಳ ಸಾಲನ್ನು ಗಮನಿಸಿ. 1957ರಲ್ಲಿ ಮೊಳಕಾಲ್ಮೂರು. 1958ರ ಮೇ ತಿಂಗಳಲ್ಲಿ ಪಕ್ಷದ ಒಳಜಗಳದಲ್ಲಿ ಮುಖ್ಯಮಂತ್ರಿ ಪದವಿ ಬಿಟ್ಟರು, ಜತ್ತಿಯವರು ಬಂದರು. 1962ರಲ್ಲಿ ಹೊಸದುರ್ಗಕ್ಕೆ ಹೋದರು. ಅಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪ ಅವರನ್ನು ಸೋಲಿಸಿದರು. ರಾಜ್ಯದ ಅತಿ ದೊಡ್ಡ ನಾಯಕನನ್ನು ಬಯಲುಸೀಮೆಯ ಒಂದು ತಾಲ್ಲೂಕು ಮನೆಗೆ ಕಳಿಸಿತು. ಅಂಥ ಓಟುಗಳ ನೆನಪೂ ನಮ್ಮ ಜಿಲ್ಲೆಯಲ್ಲಿ ಉಳಿಯಬೇಕು.

ಆದರೆ ಸೋತವರು ಮನೆಯಲ್ಲಿ ಉಳಿಯಲಿಲ್ಲ. ಎಸ್.ಆರ್. ಕಂಠಿಯವರು ಸುಮಾರು ಮೂರು ತಿಂಗಳು ಕುರ್ಚಿ ಕಾಯ್ದರು. ಬಾಗಲಕೋಟೆಯಲ್ಲಿ ಬಿ.ಟಿ. ಮುರನಾಳರು ಸ್ಥಾನ ತೆರವು ಮಾಡಿಕೊಟ್ಟರು. ನಿಜಲಿಂಗಪ್ಪನವರು ಅಲ್ಲಿಂದ ಬಂದು ಜೂನ್ 1962ರಲ್ಲಿ ಮತ್ತೆ ಮುಖ್ಯಮಂತ್ರಿಯಾದರು. 1967ರಲ್ಲಿ ಶಿಗ್ಗಾವಿ. 1968ರಲ್ಲಿ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ರಾಜ್ಯ ಬಿಟ್ಟು ದಿಲ್ಲಿಗೆ ನಡೆದರು.

ಚಿತ್ರದುರ್ಗ, ಮೊಳಕಾಲ್ಮೂರು, ಹೊಸದುರ್ಗ, ಬಾಗಲಕೋಟೆ, ಶಿಗ್ಗಾವಿ. ನಾಯಕನಿಗೆ ಇಡೀ ನಾಡೇ ಮನೆ ಎಂದು ಇದನ್ನು ಹೊಗಳಬಹುದು. ನಮಗೆ ಕಾಣುವುದು ಬೇರೆ. ಓಟು ಹಾಕುವವನಿಗೆ ಊರು ಬಿಟ್ಟರೆ ಬೇರೆ ಕ್ಷೇತ್ರವಿಲ್ಲ. ಮಳೆ ಕೈಕೊಟ್ಟ ವರ್ಷ ಗುಳೆ ಹೋದರೂ ಅವನ ಹೆಸರು ಇಲ್ಲಿನ ಪಟ್ಟಿಯಲ್ಲೇ ಇರುತ್ತದೆ. ಓಟು ಬೇಡುವವನು ಮಾತ್ರ ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಬಾಗಿಲಿಗೆ ಹೋಗಬಲ್ಲ. ಹಿಡಿದು ಕೇಳೋಣ ಅಂದರೆ ಆಸಾಮಿಯೇ ಊರಲ್ಲಿ ಇರುವುದಿಲ್ಲ. ಇದು ನಿಜಲಿಂಗಪ್ಪನವರೊಬ್ಬರ ದೋಷವಲ್ಲ. ನಮ್ಮ ಪ್ರಜಾಪ್ರಭುತ್ವ ಅಂದಿನಿಂದ ಇಂದಿನವರೆಗೂ ಹೀಗೇ ನಡೆದಿದೆ.

ಲೆಕ್ಕದ ಪುಸ್ತಕ

ಎರಡು ಅವಧಿ ಸೇರಿ ಏಳೂವರೆ ವರ್ಷ ಅವರು ಮುಖ್ಯಮಂತ್ರಿಯಾಗಿದ್ದರು. ಆ ಕಾಲದ ಕಾನೂನುಗಳನ್ನು ಕೇರಿಯ ಕಡೆಯಿಂದ ಓದೋಣ. ಪಕ್ಷಪಾತ ಬೇಡ, ಜಮೆಯೂ ಇರಲಿ, ಖರ್ಚೂ ಇರಲಿ.

ಮೊದಲು ಜಮೆ. ಜತ್ತಿಯವರ ಕಾಲದಲ್ಲಿ, 1961ರಲ್ಲಿ, ಗ್ರಾಮ ಹುದ್ದೆಗಳ ರದ್ದತಿ ಕಾನೂನು ಆಯಿತು. ನಿಜಲಿಂಗಪ್ಪನವರ ಕಾಲದಲ್ಲಿ, 1963ರ ಫೆಬ್ರವರಿ 1ರಿಂದ, ಜಾರಿಗೆ ಬಂತು. ಪಟೇಲ, ಶಾನುಭೋಗರ ವಂಶಪಾರಂಪರ್ಯ ಹಕ್ಕು ಹೋಯಿತು. ತೋಟಿ, ತಳವಾರ, ನೀರಗಂಟಿ ಹುದ್ದೆಗಳೂ ಹೋದವು. ಈ ಕಾನೂನಿನ ತೂಕ ಪಟ್ಟಣದವರಿಗೆ ಗೊತ್ತಾಗುವುದಿಲ್ಲ. ತೋಟಿಯ ಮಗ ತೋಟಿಯೇ ಆಗಬೇಕು, ಊರಿನ ಸತ್ತ ದನ ಎಳೆಯಬೇಕು, ಸಾವಿನ ಸುದ್ದಿ ಹೊತ್ತು ಹಗಲು ರಾತ್ರಿ ಓಡಬೇಕು ಎಂಬ ಕಟ್ಟಳೆಗೆ ಸರ್ಕಾರದ ಮುದ್ರೆ ಇತ್ತು. ಆ ಮುದ್ರೆ ಅಳಿಸಿತು. ಚಾಕರಿಗೆ ಕೊಟ್ಟ ಇನಾಂ ಜಮೀನನ್ನು ನಿಗದಿಯಾದ ಹಣ ಕಟ್ಟಿ ತಮ್ಮ ಹೆಸರಿಗೇ ಮಾಡಿಸಿಕೊಳ್ಳುವ ಅವಕಾಶವೂ ಕಾನೂನಿನಲ್ಲಿತ್ತು.

ಅವಕಾಶ ಕಾಗದದ ಮೇಲೆ ಬಂತು. ಕಾಗದ ಓದುವವರು ಕೇರಿಯಲ್ಲಿ ಎಷ್ಟು ಜನ ಇದ್ದರು? ಅರ್ಜಿ ಯಾರಿಂದ ಬರೆಸಬೇಕು? ಹುದ್ದೆ ಕಳೆದುಕೊಂಡ ಶಾನುಭೋಗರ ಮನೆಯ ಜಗಲಿಗೇ ಹೋಗಿ ಕೈಕಟ್ಟಿ ನಿಲ್ಲಬೇಕಿತ್ತು. ಹಾಗೆ ಕೈಗೆ ಬಂದ ಚೂರುಪಾರು ಜಮೀನೂ ಸಾಲಕ್ಕೆ, ಮದುವೆಗೆ, ಹೆದರಿಕೆಗೆ ಕೈತಪ್ಪಿತು. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನು ಪರಭಾರೆಯಾಗದಂತೆ ತಡೆಯುವ ಕಾನೂನು ಬರಲು 1978ರವರೆಗೆ ಕಾಯಬೇಕಾಯಿತು. ಕೆಲವು ಊರುಗಳಲ್ಲಿ ತೋಟಿಯ ಹುದ್ದೆ ಹೋಗಿ ತೋಟಿಯ ಕೆಲಸ ಮಾತ್ರ ಉಳಿಯಿತು. ಮುದ್ರೆ ಅಳಿಸಿದರೂ ಚಾಕರಿ ಅಳಿಯಲಿಲ್ಲ.

ಎರಡನೆಯದು ಭೂಸುಧಾರಣೆ. 1961ರ ಕಾಯ್ದೆ 1965ರ ಅಕ್ಟೋಬರ್ 2ರಂದು ಜಾರಿಗೆ ಬಂತು. ಗಾಂಧಿ ಜಯಂತಿಯ ದಿನ. ಸ್ವಂತ ಸಾಗುವಳಿಗೆ ಬೇಕು ಎಂದು ಹೇಳಿ ಒಡೆಯ ಗೇಣಿದಾರನಿಂದ ಜಮೀನು ಹಿಂದಕ್ಕೆ ಪಡೆಯಲು ಅದರಲ್ಲಿ ದಾರಿಗಳಿದ್ದವು. ಉಳುವವನೇ ಒಡೆಯ ಎಂಬ ಮಾತಿಗೆ ಹಲ್ಲು ಬಂದದ್ದು 1974ರ ತಿದ್ದುಪಡಿಯಿಂದ, ದೇವರಾಜ ಅರಸರ ಕಾಲದಲ್ಲಿ. ಅಲ್ಲೂ ಒಂದು ಮಾತು ಮರೆಯಬಾರದು: ಗೇಣಿ ಚೀಟಿಯೂ ಇಲ್ಲದ, ಬರೀ ಕೂಲಿಯ ಜನಕ್ಕೆ ಆ ಕಾನೂನಿನಿಂದಲೂ ಸಿಕ್ಕಿದ್ದು ಕಡಿಮೆ. ಗೇಣಿದಾರನಾಗುವುದಕ್ಕೂ ಒಂದು ಯೋಗ್ಯತೆ ಬೇಕಿತ್ತಲ್ಲ, ಅದು ಜಾತಿಯ ಯೋಗ್ಯತೆ.

ಮೂರನೆಯದು ಮೀಸಲಾತಿ. 1962ರ ಜುಲೈ 31ರಂದು, ನಿಜಲಿಂಗಪ್ಪನವರು ಎರಡನೆಯ ಸಲ ಬಂದ ಮುಂದಿನ ತಿಂಗಳೇ, ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಿಗೆ ಒಂದು ಆದೇಶ ಹೊರಟಿತು. ಹಿಂದುಳಿದವರಿಗೆ ನೂರಕ್ಕೆ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ಪಂಗಡಕ್ಕೆ 3. ಒಟ್ಟು 68. ಎರಡೇ ತಿಂಗಳಲ್ಲಿ, ಸೆಪ್ಟೆಂಬರ್ 28ರಂದು, ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊಡೆದು ಹಾಕಿತು. ಮೀಸಲಾತಿ ಸಾಮಾನ್ಯವಾಗಿ ಅರ್ಧಕ್ಕಿಂತ ಕೆಳಗಿರಬೇಕು ಎಂಬ ಮಾತು ಅಲ್ಲಿಂದ ದೇಶದ ತುಂಬ ಹಬ್ಬಿತು. ಇಂದಿಗೂ ಮೀಸಲಾತಿ ವಿರೋಧಿಗಳು ಬೀಸುವ ಆ ಐವತ್ತರ ಗೆರೆಯ ಮೂಲ ನಮ್ಮ ರಾಜ್ಯದ ಮೊಕದ್ದಮೆಯಲ್ಲೇ ಇದೆ. ಕೋರ್ಟಿನ ಮಾತನ್ನು ನಾವು ಒಪ್ಪಬೇಕಿಲ್ಲ. ಆದರೆ ಸರ್ಕಾರದ ಪಟ್ಟಿ ಅದಕ್ಕೆ ದಾರಿ ಮಾಡಿಕೊಟ್ಟಿತ್ತು. ಆ ಪಟ್ಟಿಯ ಪ್ರಕಾರ ರಾಜ್ಯದ ನೂರಕ್ಕೆ ಸುಮಾರು 90 ಜನ ಹಿಂದುಳಿದವರೇ ಆಗಿದ್ದರು. ಬಲವಿದ್ದವರೂ ಇಲ್ಲದವರೂ ಒಂದೇ ಪಂಕ್ತಿಯಲ್ಲಿ ಕೂತರೆ ಎಲೆಯ ಮೇಲೆ ಅನ್ನ ಯಾರಿಗೆ ಬೀಳುತ್ತದೆ? ಊಟಕ್ಕೆ ಕೂತು ಗೊತ್ತಿರುವವರಿಗೆ. ಆಮೇಲೆ 1963ರಲ್ಲಿ ಸರ್ಕಾರ ಹಿಂದುಳಿದವರನ್ನು ಆದಾಯ ಮತ್ತು ಕಸುಬಿನ ಮೇಲೆ ಗುರುತಿಸಲು ಹೊರಟಿತು. ಜಾತಿಯ ಸತ್ಯವನ್ನು ಮತ್ತೆ ಕೈಗೆತ್ತಿಕೊಂಡದ್ದು 1972ರಲ್ಲಿ ನೇಮಕವಾದ ಎಲ್.ಜಿ. ಹಾವನೂರರ ಆಯೋಗ.

ಇನ್ನೂ ಜಮೆಯಿದೆ. ಶರಾವತಿಯ ವಿದ್ಯುತ್ತು ಅವರ ಕಾಲದಲ್ಲಿ ಹರಿಯಿತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ ಬಂದವು. ಆಲಮಟ್ಟಿಗೆ ಅಡಿಗಲ್ಲು ಬಿತ್ತು. ಸ್ವಂತಕ್ಕೆ ಆಸ್ತಿ ಗುಡ್ಡೆ ಹಾಕಿದ ರಾಜಕಾರಣಿ ಎಂದು ಅವರನ್ನು ಯಾರೂ ಕರೆಯಲಾರರು. ಕೊನೆಯವರೆಗೂ ಚಿತ್ರದುರ್ಗದ ಮನೆಯಲ್ಲಿ ಸರಳವಾಗಿ ಬದುಕಿದರು. 2000ದ ಆಗಸ್ಟ್ 8ರಂದು ಅಲ್ಲೇ ತೀರಿಕೊಂಡರು. ಸೀಬಾರದಲ್ಲಿ ಅವರ ಸ್ಮಾರಕವಿದೆ. ಇವತ್ತಿನ ರೆಸಾರ್ಟ್ ರಾಜಕಾರಣ ನೋಡಿದವರಿಗೆ ಅಂಥ ಕೈಶುದ್ಧಿ ದೊಡ್ಡದಾಗಿ ಕಾಣುತ್ತದೆ, ಕಾಣಲಿ. ಆದರೆ ಕೈಶುದ್ಧಿ ಒಂದು, ನ್ಯಾಯ ಇನ್ನೊಂದು. ಅಳತೆಗೋಲು ಶುದ್ಧವಾಗಿದ್ದ ಮಾತ್ರಕ್ಕೆ ಅಳೆದ ಹೊಲ ನಮ್ಮದಾಗುವುದಿಲ್ಲ.

ಮುಚ್ಚಿದ ಬಾಗಿಲು, ತೆರೆದ ಬಾಗಿಲು

1969ರಲ್ಲಿ ಕಾಂಗ್ರೆಸ್ ಒಡೆಯಿತು. ಸಿಂಡಿಕೇಟ್ ಎಂದು ಹೆಸರಾದ ಹಿರಿಯರ ಗುಂಪಿನಲ್ಲಿ ನಿಜಲಿಂಗಪ್ಪನವರು ಅಧ್ಯಕ್ಷರು. ನವೆಂಬರ್ 12ರಂದು ಅವರ ಕಾರ್ಯಸಮಿತಿ ಪ್ರಧಾನಿ ಇಂದಿರಾ ಗಾಂಧಿಯವರನ್ನೇ ಪಕ್ಷದಿಂದ ಹೊರಹಾಕಿತು. 1971ರ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 27 ಸ್ಥಾನಗಳನ್ನೂ ಇಂದಿರಾ ಕಾಂಗ್ರೆಸ್ ಬಾಚಿತು. 1972ರಲ್ಲಿ ಅರಸರು ಮುಖ್ಯಮಂತ್ರಿಯಾದರು.

ನಮ್ಮ ಜನರ ಚರಿತ್ರೆಯಲ್ಲಿ ಇದು ತಿರುವು. ಹಳೆಯ ಕಾಂಗ್ರೆಸ್ಸಿನ ಬಲಾಢ್ಯರು ನಿಜಲಿಂಗಪ್ಪನವರ ಜೊತೆ ಆ ಕಡೆ ಹೋದರು. ಈ ಕಡೆ ಟಿಕೆಟ್ ಕೊಡಲು ಜನ ಬೇಕಾಯಿತು. ಅದುವರೆಗೆ ಹೊಸಿಲಾಚೆ ನಿಂತಿದ್ದ ಸಣ್ಣಪುಟ್ಟ ಜಾತಿಗಳವರು, ದಲಿತರು ಒಳಗೆ ಬಂದರು. ಅವರು ಕಟ್ಟಿದ ಪಕ್ಷಕ್ಕಿಂತ ಅವರು ಒಡೆದ ಪಕ್ಷದಿಂದ ನಮಗೆ ಹೆಚ್ಚು ಅನುಕೂಲವಾಯಿತು. ನಗು ಬಂದರೂ ನಿಜ.

ಒಳಗೆ ಬಂದವರು ಬಾಯಿ ತೆರೆದಾಗ ಏನಾಯಿತು? ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಆಜ್ಞೆ ಮಾಡಿದರು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದರು. ಊರುಗಳು ಹೊತ್ತಿ ಉರಿದವು. ದಲಿತ ವಿದ್ಯಾರ್ಥಿಗಳ ಮೇಲೆ ಏಟು ಬಿತ್ತು. ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು. ಮಲ ಹೊರುವ ತಲೆಗಳ ಮಾತು ಎತ್ತಿದಾಗ ಬೀದಿಗಿಳಿಯದವರು ಬೂಸಾ ಎಂಬ ಒಂದು ಪದಕ್ಕೆ ಬೀದಿಗಿಳಿದರು. ಆ ಬೆಂಕಿಯ ಕಾವಿನಿಂದಲೇ ದಲಿತ ಸಂಘರ್ಷ ಸಮಿತಿ ಎದ್ದಿತು, ಬಿ. ಕೃಷ್ಣಪ್ಪನವರಂಥವರು ಎದ್ದರು. ನಾವು ಈ ಪತ್ರಿಕೆಯಲ್ಲಿ ಬರೆಯುವ ಅಕ್ಷರಗಳಿಗೂ ಆ ಕಾವು ತಾಗಿದೆ.

ಅದೇ 1972ರ ಚುನಾವಣೆಯಲ್ಲಿ ಗುರುಮಿಠಕಲ್ಲಿನಿಂದ ಗೆದ್ದ ಯುವಕ ಮಲ್ಲಿಕಾರ್ಜುನ ಖರ್ಗೆ. ಗುರುಮಿಠಕಲ್ಲಿನಿಂದ ಸತತ ಎಂಟು ಸಲ, 2008ರಲ್ಲಿ ಚಿತ್ತಾಪುರದಿಂದ, ಒಟ್ಟು ಒಂಬತ್ತು ಸಲ ಸೋಲಿಲ್ಲದೆ ವಿಧಾನಸಭೆಗೆ ಬಂದರು. ಆಮೇಲೆ ಎರಡು ಸಲ ಲೋಕಸಭೆ, 2019ರಲ್ಲಿ ಸೋಲು, 2020ರಲ್ಲಿ ರಾಜ್ಯಸಭೆ. 2022ರ ಅಕ್ಟೋಬರಿನಲ್ಲಿ ಕಾಂಗ್ರೆಸ್ ಅಧ್ಯಕ್ಷರಾದರು. ನಿಜಲಿಂಗಪ್ಪನವರು ಕೂತ ಆ ಕುರ್ಚಿಯಲ್ಲಿ ಮತ್ತೊಬ್ಬ ಕನ್ನಡಿಗ ಕೂರಲು 54 ವರ್ಷ ಬೇಕಾಯಿತು, ಆ ಕನ್ನಡಿಗ ದಲಿತ. ಇಬ್ಬರ ನಡುವಿನ ವ್ಯತ್ಯಾಸ ಒಂದೇ ಸಾಲಿನಲ್ಲಿದೆ. ಒಬ್ಬರು ಚುನಾವಣೆ ಸೋತೂ ಕೆಲವೇ ತಿಂಗಳಲ್ಲಿ ಮುಖ್ಯಮಂತ್ರಿಯಾದರು. ಇನ್ನೊಬ್ಬರು ಒಂಬತ್ತು ಸಲ ಗೆದ್ದೂ ಆಗಲಿಲ್ಲ.

ದೂರದ ಒಂದು ಸಾಕ್ಷಿ

ಶಾಸನಸಭೆಯಲ್ಲಿ ಬಹಳ ವರ್ಷ ಕೂತದ್ದೇ ಹಿರಿಮೆಯೇ? ಅಮೆರಿಕದ ಒಂದು ಬದುಕು ಈ ಪ್ರಶ್ನೆಗೆ ಸಾಕ್ಷಿ ಹೇಳುತ್ತದೆ. ದಕ್ಷಿಣ ಕೆರೊಲಿನಾದ ಸ್ಟ್ರೋಮ್ ಥರ್ಮಂಡ್ ಹುಟ್ಟಿದ್ದು 1902ರ ಡಿಸೆಂಬರ್ 5ರಂದು, ನಿಜಲಿಂಗಪ್ಪನವರಿಗಿಂತ ಐದೇ ದಿನ ಮೊದಲು. ಅವರೂ ವಕೀಲರು. 1954ರಲ್ಲಿ ಸೆನೆಟ್ಟಿಗೆ ಆಯ್ಕೆಯಾದವರು, ನಡುವೆ ಕೆಲವು ತಿಂಗಳು ಬಿಟ್ಟರೆ, 2003ರವರೆಗೂ ಅಲ್ಲಿದ್ದರು. ನೂರು ವರ್ಷ ತುಂಬಿದಾಗಲೂ ಸೆನೆಟರ್.

1957ರಲ್ಲಿ, ಮೊಳಕಾಲ್ಮೂರಿನ ಕೇರಿಗಳು ಚೀಟಿ ಹಾಕಿದ ವರ್ಷದಲ್ಲೇ, ಕಪ್ಪು ಜನರ ಓಟಿನ ಹಕ್ಕನ್ನು ಕಾಯಲು ಅಲ್ಲೊಂದು ಮಸೂದೆ ಬಂತು. ಅದನ್ನು ತಡೆಯಲು ಥರ್ಮಂಡ್ 24 ಗಂಟೆ 18 ನಿಮಿಷ ಒಬ್ಬರೇ ಮಾತಾಡಿದರು. ಮಸೂದೆ ಪಾಸಾಯಿತು, ಅವರ ಕುರ್ಚಿ ಅಲ್ಲಾಡಲಿಲ್ಲ. 2003ರಲ್ಲಿ ಅವರು ಸತ್ತ ಮೇಲೆ ಒಬ್ಬ ಹೆಂಗಸು ಎದುರಿಗೆ ಬಂದು ತಾನು ಅವರ ಮಗಳೆಂದು ಹೇಳಿದರು. ತಾಯಿ ಥರ್ಮಂಡರ ತಂದೆತಾಯಿಯ ಮನೆಯಲ್ಲಿ ಕೆಲಸಕ್ಕಿದ್ದ ಕಪ್ಪು ಹುಡುಗಿ. ಥರ್ಮಂಡರ ಮನೆಯವರು ಅದನ್ನು ಒಪ್ಪಿಕೊಂಡರು. ಹಗಲು ಮುಟ್ಟಬಾರದು, ರಾತ್ರಿ ಮುಟ್ಟಬಹುದು ಎಂಬ ನ್ಯಾಯ ನಮ್ಮ ಹಟ್ಟಿಗಳಿಗೆ ಹೊಸದಲ್ಲ.

ಅದೇ ದೇಶದಲ್ಲಿ ಜಾನ್ ಲೂಯಿಸ್ ಕೂಡ ಇದ್ದರು. ಅಲಬಾಮಾದ ಬಡ ಗೇಣಿದಾರರ ಮಗ. 1965ರ ಮಾರ್ಚ್ 7ರಂದು ಸೆಲ್ಮಾದ ಸೇತುವೆಯ ಮೇಲೆ ಓಟಿನ ಹಕ್ಕಿಗಾಗಿ ನಡೆದಾಗ ಪೊಲೀಸರ ಲಾಠಿಗೆ ತಲೆಬುರುಡೆ ಬಿರುಕು ಬಿಟ್ಟಿತು. ಅದೇ ವರ್ಷ ಆಗಸ್ಟಿನಲ್ಲಿ ಓಟಿನ ಹಕ್ಕಿನ ಕಾನೂನು ಬಂತು. 1987ರಿಂದ 2020ರಲ್ಲಿ ಸಾಯುವವರೆಗೆ ಅವರು ಅಲ್ಲಿನ ಪ್ರತಿನಿಧಿ ಸಭೆಯಲ್ಲಿದ್ದರು. ಇಬ್ಬರೂ ಬಹುಕಾಲ ಕೂತವರೇ. ಒಬ್ಬರು ಬಾಗಿಲಿಗೆ ಅಡ್ಡ ಕೂತರು, ಇನ್ನೊಬ್ಬರು ಬಾಗಿಲು ಮುರಿದು ಬಂದು ಕೂತರು. ನಿಜಲಿಂಗಪ್ಪನವರು ಥರ್ಮಂಡ್ ಅಲ್ಲ. ಹಾಗೆ ಹೇಳಿದರೆ ಅನ್ಯಾಯ. ಅವರು ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ, ಬಾಗಿಲು ಮುರಿಯಲೂ ಇಲ್ಲ. ಒಳಗಿದ್ದವರಿಗೆ ಮನೆಯನ್ನು ಚೆನ್ನಾಗಿ ನಡೆಸಿಕೊಟ್ಟರು.

ಈಗ ಕುರ್ಚಿಯೂ ನಮ್ಮದು

2008ರ ಕ್ಷೇತ್ರ ಮರುವಿಂಗಡಣೆಯ ಮೇಲೆ ಕರ್ನಾಟಕದ ವಿಧಾನಸಭೆಯಲ್ಲಿ ಪರಿಶಿಷ್ಟ ಪಂಗಡದ ಸ್ಥಾನಗಳು 2ರಿಂದ 15ಕ್ಕೆ ಏರಿದವು. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಪಂಗಡಕ್ಕೆ ಮೀಸಲು. ಚಿತ್ರದುರ್ಗ ಲೋಕಸಭಾ ಕ್ಷೇತ್ರ 2009ರಿಂದ ಪರಿಶಿಷ್ಟ ಜಾತಿಗೆ ಮೀಸಲು. ಎತ್ತಿಲ್ಲದೆ ಎತ್ತಿಗೆ ಹಾಕಿದವರ ಮೊಮ್ಮಕ್ಕಳು ಈಗ ಅಭ್ಯರ್ಥಿಗಳೇ ಆಗಬಹುದು. ಇದು ಭಿಕ್ಷೆಯಲ್ಲ, ಹೋರಾಟದ ಫಲ. ಇದನ್ನು ಕಡಿಮೆ ಮಾಡಿ ಮಾತಾಡುವವರ ಜೊತೆ ನಾವಿಲ್ಲ.

ಆದರೆ ಅದೇ 2008 ಮತ್ತು 2010ರ ನಡುವೆ ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆ ಜನರನ್ನು ಕೇಳದೆ ಕೈಬದಲಾಯಿತು. ರಕ್ಷಣಾ ಸಂಶೋಧನಾ ಸಂಸ್ಥೆ, ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ. ವಿಜ್ಞಾನ ಸಂಸ್ಥೆಯೊಂದಕ್ಕೇ ಕುದಾಪುರದಲ್ಲಿ 1,500 ಎಕರೆ. ತಲೆತಲಾಂತರದಿಂದ ಕುರಿ, ದನ ಮೇಯಿಸಿದ, ಆ ಉಣ್ಣೆಯಿಂದ ಕಂಬಳಿ ನೇಯ್ದ ಜನ ಒಂದು ದಿನ ನೋಡಿದರೆ ಕಾವಲಿಗೆ ಗೋಡೆ ಎದ್ದಿತ್ತು. ದೊಡ್ಡ ಉಳ್ಳಾರ್ತಿಯಂಥ ಊರುಗಳ ಜನ ತಾವೇ ಎದ್ದು ಕೇಳಿದರು, ಹಸಿರು ನ್ಯಾಯಮಂಡಳಿಯವರೆಗೂ ಮಾತು ಹೋಯಿತು. ಕುರ್ಚಿ ಮೀಸಲಾದ ವರ್ಷಗಳಲ್ಲೇ ಕಾವಲು ಕೈಬಿಟ್ಟಿತು. ವಿಜ್ಞಾನಕ್ಕೆ ನಾವು ವಿರೋಧಿಗಳಲ್ಲ. ನಮ್ಮ ಮಕ್ಕಳೂ ವಿಜ್ಞಾನಿಗಳಾಗಲಿ. ನಮ್ಮ ಪ್ರಶ್ನೆ ಇಷ್ಟೆ: ಆ ಕಡತದ ಮೇಲೆ ರುಜು ಬೀಳುವ ಮೊದಲು ಕುರಿ ಕಾಯುವವನ ಪರವಾಗಿ ಸಭೆಯಲ್ಲಿ ಎದ್ದು ನಿಂತವರು ಯಾರು?

ಇನ್ನೊಂದು ಘಟನೆ. 2019ರ ಸೆಪ್ಟೆಂಬರಿನಲ್ಲಿ ಚಿತ್ರದುರ್ಗದ ಸಂಸದ ಎ. ನಾರಾಯಣಸ್ವಾಮಿಯವರು ತಮ್ಮದೇ ಕ್ಷೇತ್ರದ ಪಾವಗಡ ತಾಲ್ಲೂಕಿನ ಪೆಮ್ಮನಹಳ್ಳಿ ಗೊಲ್ಲರಹಟ್ಟಿಗೆ ಹೋದರು. ಪರಿಶಿಷ್ಟ ಜಾತಿಯವರು ಹಟ್ಟಿಯೊಳಗೆ ಬರಬಾರದು ಎಂದು ಊರಿನ ಕೆಲವರು ತಡೆದರು. ಲಕ್ಷಾಂತರ ಓಟು ಪಡೆದು ಸಂಸತ್ತಿನ ಬಾಗಿಲು ದಾಟಿದವರು ಮುಳ್ಳುಬೇಲಿಯ ಒಂದು ಹಟ್ಟಿಯ ಬಾಗಿಲು ದಾಟಲಾಗಲಿಲ್ಲ. ತಡೆದ ಗೊಲ್ಲರೂ ಬಡವರೇ, ಹಿಂದುಳಿದವರೇ, ಕಾವಲು ಕಳೆದುಕೊಂಡ ಪೈಕಿ ಅವರ ಜಾತಿಯವರೂ ಇದ್ದಾರೆ. ಇದೇ ನಮ್ಮನ್ನು ಹೆಚ್ಚು ಸುಡುವುದು. ಕಾವಲಿನ ಗೋಡೆಯ ಈಚೆ ನಾವೆಲ್ಲ ಒಟ್ಟಿಗೆ ನಿಂತವರು. ಹಟ್ಟಿಯ ಬೇಲಿ ಬಂದಾಗ ಬೇರೆ ಬೇರೆ.

ಸಂವಿಧಾನ ಕುರ್ಚಿಯನ್ನು ಮೀಸಲಿಡಬಲ್ಲದು. ಆ ಬೇಲಿ ಕೀಳುವ ಕೆಲಸ ಮಾತ್ರ ನಮ್ಮ ಪಾಲಿನದು.

ಕೊನೆಗೆ ಮೇಷ್ಟ್ರುಗಳಿಗೆ, ವಿದ್ಯಾರ್ಥಿಗಳಿಗೆ, ಸಂಘಟನೆಯ ಗೆಳೆಯರಿಗೆ ಒಂದು ಮಾತು. ನಿಮ್ಮ ಕ್ಷೇತ್ರದ ಶಾಸಕರ ಚರಿತ್ರೆ ಬರೆಯಿರಿ. ಎಷ್ಟು ಸಲ ಗೆದ್ದರು ಎಂಬಲ್ಲಿಗೆ ನಿಲ್ಲಿಸಬೇಡಿ. ಯಾವ ಕಾನೂನಿನ ದಿನ ಏನು ಮಾತಾಡಿದರು, ಯಾವ ದಿನ ಸುಮ್ಮನಿದ್ದರು ಎಂದು ಹುಡುಕಿ. ವಿಧಾನಸಭೆಯ ನಡಾವಳಿಗಳು ಗುಟ್ಟಿನ ಕಾಗದಗಳಲ್ಲ, ಕೇಳಿ ಪಡೆದು ಓದಿ. ಕೇರಿಯ ಮುದುಕಿಯರು ಇನ್ನೂ ಇದ್ದರೆ ಅವರ ಮೊದಲ ಓಟಿನ ಕಥೆ ಕೇಳಿ ಬರೆದಿಡಿ. ಯಾವ ಪೆಟ್ಟಿಗೆಗೆ ಹಾಕಿದೆ, ಯಾರು ಹೇಳಿದರು, ಆಮೇಲೆ ಏನಾಯಿತು ಎಂದು ಕೇಳಿ. ಆ ಉತ್ತರಗಳಿಲ್ಲದೆ ಈ ಜಿಲ್ಲೆಯ ಚರಿತ್ರೆ ಅರ್ಧವೇ.

ಮಕ್ಕಳನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋದಾಗ ಬಂಡೆಯ ಮುಂದೆ ನಿಲ್ಲಿಸಿ ಅಶೋಕನ ಮಾತಿನ ಅರ್ಥ ಹೇಳಿಕೊಡಿ. ಆಮೇಲೆ, ಈ ಮಾತು ಯಾರಿಗಾಗಿ ಬರೆದದ್ದೋ ಆ ಸಣ್ಣವರು ಯಾರು ಎಂದು ಕೇಳಿ. ನಮ್ಮ ಕೇರಿಯ ಒಂದು ಹುಡುಗಿ ಎದ್ದು “ನಾವೇ ಸಾ” ಅಂದರೆ ಅಲ್ಲಿಂದ ಪಾಠ ಶುರುಮಾಡಿ.